ಏಜೆನ್ಸಿಯೋ, ಪರ್ ಡೀಮೋ: ಒಂದು ಫಾರ್ವರ್ಡಿನ ಸುತ್ತ

ಗುಂಪು: ನರ್ಸಿಂಗ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳು (ಅಮೆರಿಕದಲ್ಲಿರುವವರು; ಎಲ್ಲರೂ ಅಡ್ಡಹೆಸರಿನಲ್ಲಿ)

ಬ್ಯಾಚ್ ಮಾನಿಟರ್ (ಫಾರ್ವರ್ಡ್ ಮಾಡಲಾಗಿದೆ): “ಅಮೆರಿಕದ ನರ್ಸ್‌ಗಳೇ, ಎಚ್ಚೆತ್ತುಕೊಳ್ಳಿ! ಆಸ್ಪತ್ರೆಗಳಿಗೆ ಕೆಲವು ವಾರಗಳ ಮಟ್ಟಿಗೆ ನರ್ಸ್‌ಗಳನ್ನು ಕಳುಹಿಸುವ ಏಜೆನ್ಸಿ ಸೇರಿದವರಿಗೆ ದುಪ್ಪಟ್ಟು ಸಂಬಳ, ಮನೆ ಬಾಡಿಗೆಗೆ ಭತ್ಯೆ, ಅದಕ್ಕೆ ತೆರಿಗೆಯೂ ಇಲ್ಲ. ಆಸ್ಪತ್ರೆಗೆ ಬೇಕಾದ ದಿನ ಮಾತ್ರ ಕರೆಯುವ ಪರ್ ಡೀಮ್ ಪಾಳಿಗೆ ಕಾದು ಕುಳಿತವರಿಗೆ ಕಾಯುವುದೇ ಕೆಲಸ. ಹತ್ತು ಜನರಿಗೆ ಕಳುಹಿಸಿ.” ನಾನು ಬಹಳ ದಿನಗಳಿಂದ ಹೇಳುತ್ತಿರುವುದೂ ಇದನ್ನೇ. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಐಸಿಯು: ಇದನ್ನು ಬರೆದವರು ಯಾರು, ಯಾವ ರಾಜ್ಯದ ಲೆಕ್ಕ, ಯಾವ ವರ್ಷದ್ದು ಎಂಬ ಮಾಹಿತಿ ಏನಾದರೂ ಇದೆಯೇ? ಭತ್ಯೆಗೆ ತೆರಿಗೆ ಬೀಳಬಾರದೆಂದರೆ ನಿಮಗೊಂದು ಕಾಯಂ ನೆಲೆ ಇರಬೇಕು, ಅಲ್ಲಿನ ಬಾಡಿಗೆಯನ್ನೋ ಸಾಲದ ಕಂತನ್ನೋ ಕಟ್ಟುತ್ತಲೇ ಕೆಲಸದ ಊರಿನಲ್ಲಿ ಇನ್ನೊಂದು ವಸತಿಗೆ ಹಣ ತೆರುತ್ತಿರಬೇಕು, ಜೊತೆಗೆ ಒಂದೇ ಊರಿನ ಕೆಲಸ ಒಂದು ವರ್ಷ ಮೀರುವ ನಿರೀಕ್ಷೆಯೂ ಇರಬಾರದು. ಹಿಂದಿರುಗಲು ಮನೆಯೇ ಇಲ್ಲದೆ ಊರಿಂದೂರಿಗೆ ತಿರುಗುವವರ ಭತ್ಯೆಯನ್ನು ತೆರಿಗೆ ಇಲಾಖೆಯಾದ ಐಆರ್‌ಎಸ್ ಸಂಬಳವೆಂದೇ ಎಣಿಸುತ್ತದೆ.

ಬ್ಯಾಚ್ ಮಾನಿಟರ್: ಕಾಲೇಜಿನಲ್ಲೂ ನೀನು ಹೀಗೆಯೇ ಇದ್ದೆ. ಸಿಸ್ಟರ್ ಟ್ಯೂಟರ್ ಏನೇ ಹೇಳಿದರೂ ಅದು ಪುಸ್ತಕದ ಯಾವ ಪುಟದಲ್ಲಿದೆ ಎಂದು ಕೇಳುವವಳು ನೀನೊಬ್ಬಳೇ.

ದೊಡ್ಡಕ್ಕ: ಮಕ್ಕಳೇ, ನಮ್ಮ ಕಾಲದಲ್ಲಿ ಇದು ವೃತ್ತಿಯಲ್ಲ, ಸೇವೆಯಾಗಿತ್ತು. ಒಂದು ವಾರ್ಡಿನಲ್ಲಿ ನೆಲೆ ನಿಂತು, ರೋಗಿಯ ಮುಖ ನೋಡಿಯೇ ಏನಾಗುತ್ತಿದೆ ಎಂದು ತಿಳಿಯುವಷ್ಟು ಪಳಗಬೇಕು. ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಹಣದ ಹಿಂದೆ ಓಡುವವರಿಗೆ ಆ ಕಣ್ಣು ಎಲ್ಲಿಂದ ಬರಬೇಕು?

ಲೇಬರ್ ವಾರ್ಡ್: ಅಕ್ಕ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ. ನಿಮಗೆ ಕಾಯಂ ಹುದ್ದೆಯಿದೆ, ಹಿರಿತನವಿದೆ, ಡಿಸೆಂಬರ್ ರಜೆಯನ್ನು ಮೊದಲು ಆರಿಸಿಕೊಳ್ಳುವ ಹಕ್ಕಿದೆ. ನಾನು ಆಸ್ಪತ್ರೆಯ ಪರ್ ಡೀಮ್ ಪಟ್ಟಿಯಲ್ಲಿದ್ದೇನೆ. ಗಂಟೆಯ ದರ ಕಾಯಂ ನೌಕರರಿಗಿಂತ ಹೆಚ್ಚು ಎಂಬುದು ನಿಜ, ಆದರೆ ಆ ಹೆಚ್ಚುವರಿಯಲ್ಲೇ ರಜೆಯ ಸಂಬಳವೂ ವಿಮೆಯೂ ಅಡಗಿವೆ ಎಂದು ತಿಳಿದುಕೊಳ್ಳಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಯೂನಿಫಾರ್ಮ್ ಹಾಕಿ, ಬ್ಯಾಡ್ಜ್ ಸಿಕ್ಕಿಸಿಕೊಳ್ಳುವಷ್ಟರಲ್ಲಿ “ಇಂದು ರೋಗಿಗಳು ಕಡಿಮೆ, ಬರುವುದು ಬೇಡ” ಎಂಬ ಸಂದೇಶ ಬಂದರೆ ಆ ದಿನದ ಗಳಿಕೆ ಅಲ್ಲಿಗೇ ಮುಗಿಯಿತು.

ಬ್ಯಾಚ್ ಮಾನಿಟರ್: ಫಾರ್ವರ್ಡ್ ಹೇಳುವುದೂ ಇದನ್ನೇ ಅಲ್ಲವೇ!

ಡಯಾಲಿಸಿಸ್: ನೀನು ಅದನ್ನು ಹೇಳಬೇಡ. ನಿನ್ನ ಮಾತು ನಂಬಿಯೇ ನಾನು 13 ವಾರಗಳ ಏಜೆನ್ಸಿ ಒಪ್ಪಂದಕ್ಕೆ ಸಹಿ ಹಾಕಿ, ವಾರಕ್ಕೆ 36 ಗಂಟೆ ಖಚಿತವೆಂದು ಬೇರೆ ರಾಜ್ಯಕ್ಕೆ ಹೋದೆ. ಆಸ್ಪತ್ರೆ ಅರ್ಧದಲ್ಲೇ ಒಪ್ಪಂದ ಮುರಿಯಿತು. ಮುರಿಯಬಹುದೆಂದು ಒಪ್ಪಂದದಲ್ಲೇ ಬರೆದಿತ್ತಂತೆ. ಅಲ್ಲಿ ಹಿಡಿದಿದ್ದ ಮನೆಯ ಬಾಡಿಗೆಯನ್ನು ಮಾತ್ರ ಪೂರ್ತಿ ನಾನೇ ಕಟ್ಟಿದೆ. ಆಗ ನೀನು ಫೋನ್ ಕೂಡ ಎತ್ತಲಿಲ್ಲ.

ಬ್ಯಾಚ್ ಮಾನಿಟರ್: ನಾನು ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ ಎಂದು ಅಂದೇ ಹೇಳಿದ್ದೇನೆ.

ಹಿಂದಿನ ಬೆಂಚು: ನೈಟ್ ಡ್ಯೂಟಿ ಎಂದಾಗ ಹಾಸ್ಟೆಲ್ ರೋಸ್ಟರ್ ಬೋರ್ಡು ಕಣ್ಮುಂದೆ ಬರುತ್ತದೆ. ಪ್ರತಿ ಸೋಮವಾರ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು, ಮಂಗಳವಾರ ಬೆಳಗಾಗುವಷ್ಟರಲ್ಲಿ ಒಬ್ಬರ ಹೆಸರು ಮಾಯವಾಗಿ ನನ್ನ ಹೆಸರು ಆ ಜಾಗಕ್ಕೆ ಬಂದಿರುತ್ತಿತ್ತು. ನಾನಂತೂ ಆಗಲೇ ಪರ್ ಡೀಮ್ ಆಗಿದ್ದೆ, ಸಂಬಳವಿರಲಿಲ್ಲ ಅಷ್ಟೆ.

ಬ್ಯಾಚ್ ಮಾನಿಟರ್: ಯಾರನ್ನು ಕುರಿತು ಈ ಮಾತು ಎಂದು ನೇರವಾಗಿ ಹೇಳಬಹುದು.

ಐಸಿಯು: ಆ ಪಂಚಾಯಿತಿ ಆಮೇಲೆ. ಈ ಫಾರ್ವರ್ಡ್ ಎರಡನ್ನೂ ಎದುರಾಳಿಗಳಂತೆ ನಿಲ್ಲಿಸಿದೆ, ಆದರೆ ಏಜೆನ್ಸಿಯ ಮೂಲಕವೂ ದಿನದ ಪಾಳಿಗಳು ಸಿಗುತ್ತವೆ. ನೋಡಬೇಕಾದದ್ದು ನಿಮಗೆ ಸಂಬಳ ಕೊಡುವವರು ಯಾರು, ರೋಗಿಗಳಿಲ್ಲದ ದಿನದ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು. ಇನ್ನು ದುಪ್ಪಟ್ಟು ಸಂಬಳದ ಮಾತು. ಪೇ ಸ್ಲಿಪ್ ಬಿಡಿಸಿ ನೋಡಿ: ವಾರದ ಮೊತ್ತ ದೊಡ್ಡದಿದ್ದರೂ ತೆರಿಗೆ ಬೀಳುವ ಮೂಲ ವೇತನ ಗಂಟೆಗೆ 25 ಡಾಲರ್ ಎಂದಿಟ್ಟುಕೊಂಡರೆ, 40 ಗಂಟೆ ಮೀರಿದಾಗ ಒಂದೂವರೆ ಪಟ್ಟು ಎಂಬುದನ್ನು ಏಜೆನ್ಸಿಗಳು ಆ 25ರ ಮೇಲೆಯೇ ಲೆಕ್ಕ ಹಾಕಲು ನೋಡುತ್ತವೆ, ಅಂದರೆ 37.50 ಡಾಲರ್. ದುಡಿದ ಗಂಟೆಗೆ ತಕ್ಕಂತೆ ಏರಿಳಿಯುವ ಭತ್ಯೆಯನ್ನೂ ವೇತನಕ್ಕೆ ಸೇರಿಸಿಯೇ ಓವರ್‌ಟೈಮ್ ಕೊಡಬೇಕೆಂದು ಅಮೆರಿಕದ ಪಶ್ಚಿಮ ರಾಜ್ಯಗಳನ್ನು ಒಳಗೊಂಡ ಒಂಬತ್ತನೇ ಸರ್ಕ್ಯೂಟ್‌ನ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಹೇಳಿದೆ. ಮೂಲ ವೇತನ ಚಿಕ್ಕದಾದಷ್ಟೂ ನಿರುದ್ಯೋಗ ಭತ್ಯೆ, ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಎಲ್ಲವೂ ಚಿಕ್ಕದಾಗುತ್ತವೆ.

ದೊಡ್ಡಕ್ಕ: ಇಷ್ಟೆಲ್ಲ ಲೆಕ್ಕ ಹಾಕುವ ಹೊತ್ತಿನಲ್ಲಿ ಇಬ್ಬರು ರೋಗಿಗಳಿಗೆ ಬೆನ್ನು ಒರೆಸಬಹುದಿತ್ತು.

ಜೂನಿಯರ್: ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಈ ವಾರದೊಳಗೆ ನಾನು ಎರಡರಲ್ಲಿ ಒಂದಕ್ಕೆ ಒಪ್ಪಿಗೆ ತಿಳಿಸಬೇಕು. ಪತಿಯ ಕಡೆಯಿಂದ ಆರೋಗ್ಯ ವಿಮೆಯಿದೆ, ಮಗಳು ಶಾಲೆಗೆ ಸೇರಿದ್ದಾಳೆ, ಮುಂದೆ ಎರಡನೇ ಮಗುವಿನ ಯೋಚನೆಯೂ ಇದೆ.

ಹಿಂದಿನ ಬೆಂಚು: ಶುಭವಾಗಲಿ! ನಿನ್ನ ಬ್ಯಾಚಿನವರಿಗೆ ನರ್ಸ್ ಟೋಪಿ ತೊಡಿಸುವ ಕ್ಯಾಪಿಂಗ್ ಸಮಾರಂಭದ ದೀಪ ಹಿಡಿದಿದ್ದು ನಾನೇ, ನೆನಪಿದೆಯೇ?

ಲೇಬರ್ ವಾರ್ಡ್: ವಿಮೆ ಮನೆಯಲ್ಲೇ ಇದ್ದ ಮೇಲೆ ಪರ್ ಡೀಮ್‌ನ ದೊಡ್ಡ ಕೊರತೆ ನಿನಗೆ ತಟ್ಟುವುದಿಲ್ಲ. ಮಗಳ ಶಾಲೆ ಬಿಡಿಸಿ 13 ವಾರಕ್ಕೊಮ್ಮೆ ಊರು ಬದಲಿಸುವುದೂ ಆಗದ ಮಾತು. ತಿಂಗಳಿಗೆ ಎಷ್ಟು ಶನಿವಾರ, ಭಾನುವಾರ, ವರ್ಷಕ್ಕೆ ಎಷ್ಟು ಹಬ್ಬದ ದಿನ ಬರಲೇಬೇಕು ಎಂದು ಬರಹದಲ್ಲಿ ಕೇಳು.

ಐಸಿಯು: ಎರಡನೇ ಮಗುವಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಎಫ್‌ಎಂಎಲ್‌ಎ ರಜೆಗೆ (ಹೆರಿಗೆ, ಅನಾರೋಗ್ಯದಂಥ ಕಾರಣಕ್ಕೆ ಕೇಂದ್ರ ಕಾನೂನು ಕೊಡುವ ರಜೆ) ಅದೇ ಉದ್ಯೋಗದಾತರ ಬಳಿ 12 ತಿಂಗಳು ಕಳೆದಿರಬೇಕು, ರಜೆಗೆ ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು. ವರ್ಷಪೂರ್ತಿ ವಾರಕ್ಕೆ ಎರಡು 12 ಗಂಟೆಯ ಪಾಳಿ ಮಾಡಿದರೂ 1,248 ಗಂಟೆಯಾಗುತ್ತದೆ, ಎರಡೇ ಗಂಟೆ ಕಡಿಮೆ. ನಡುವೆ ರದ್ದಾಗುವ ಪಾಳಿಗಳನ್ನೂ ಎಣಿಸಿ ಒಂದಷ್ಟು ಹೆಚ್ಚಿಗೆ ಹಾಕಿಕೊ. ಏಜೆನ್ಸಿ ಬದಲಿಸಿದವರಿಗೆ ಸಾಮಾನ್ಯವಾಗಿ ಆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಜೂನಿಯರ್: ಆಸ್ಪತ್ರೆಗೆ ಬಂದ ಮೇಲೆ ವಾಪಸ್ ಕಳುಹಿಸಿದರೆ ಏನಾದರೂ ಕೊಡುತ್ತಾರೆಯೇ?

ಲೇಬರ್ ವಾರ್ಡ್: ನಮ್ಮಲ್ಲಿ ಕೆಲವು ಗಂಟೆಗಳ ವೇತನ ಕೊಡುತ್ತಾರೆ. ಅದು ರಾಜ್ಯದ ಕಾನೂನು ಮತ್ತು ಯೂನಿಯನ್ ಒಪ್ಪಂದದ ಮೇಲೆ ನಿಂತಿದೆ. ಅದನ್ನೂ ಪಟ್ಟಿಗೆ ಸೇರಿಸಿ ಮ್ಯಾನೇಜರ್ ಬಳಿ ಕೇಳು.

ಬ್ಯಾಚ್ ಮಾನಿಟರ್: ಅಂತೂ ಎಲ್ಲರೂ ಸೇರಿ ಅವಳಿಗೆ ಪರ್ ಡೀಮ್ ಎಂದೇ ತೀರ್ಮಾನಿಸಿದಿರಿ, ಫಾರ್ವರ್ಡ್ ಹಾಕಿದ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಇರಲಿ. ರೋಸ್ಟರ್ ಬೋರ್ಡಿನ ಹೆಸರು ಅಳಿಸಿದ್ದು ನಾನಲ್ಲ, ಅದು ಆ ವಾರದ ವಾರ್ಡ್ ಲೀಡರ್. ಅವರೂ ಈ ಗುಂಪಿನಲ್ಲೇ ಇದ್ದಾರೆ.

ಡಯಾಲಿಸಿಸ್: ನನ್ನ ಬಾಡಿಗೆಯ ವಿಷಯ ಇನ್ನೂ ಮುಗಿದಿಲ್ಲ.