ಹಿತ್ತಾಳೆ ಗುಂಡಿನ ವಿಶಿಷ್ಟೋಷ್ಣ 0.34 ಬರ್ತಿದೆ, ಎಲ್ಲಿ ತಪ್ಪಿರಬಹುದು?

ಪ್ರಶ್ನೆ (ಮಂಡ್ಯ): ಪಿಯು ಲ್ಯಾಬಿನ ಮಿಶ್ರಣ ವಿಧಾನದ ಪ್ರಯೋಗ: ಕಾದ ಗುಂಡನ್ನು ತಣ್ಣೀರಿಗೆ ಹಾಕಿ ಅದರ ವಿಶಿಷ್ಟೋಷ್ಣ (1 ಗ್ರಾಂ 1 ಡಿಗ್ರಿ ಏರಲು ಬೇಕಾದ ಜೂಲ್) ಕಂಡುಹಿಡಿಯೋದು. ಗುಂಡು 150 ಗ್ರಾಂ, ತಾಮ್ರದ ಕ್ಯಾಲೋರಿಮೀಟರ್ (ನೀರು ಹಾಕುವ ಪಾತ್ರೆ) ಕಲಕುವ ಕಡ್ಡಿ ಸೇರಿ 60 ಗ್ರಾಂ, ನೀರು 100 ಗ್ರಾಂ. ನೀರು 27ರಿಂದ 35 ಡಿಗ್ರಿಗೆ ಏರಿತು. ಗುಂಡು ಕುದಿಯುವ ನೀರಲ್ಲಿತ್ತು, ಹಾಗಾಗಿ 100 ಡಿಗ್ರಿ ಅಂತ ಹಾಕಿದೆ. ಬರಬೇಕಾದ್ದು 0.38 ಅಂತಾರೆ.

ಮೈಸೂರಿನಿಂದ: ನಿಮ್ಮೂರಲ್ಲಾಗಲಿ ನಮ್ಮೂರಲ್ಲಾಗಲಿ ನೀರು 100ಕ್ಕೆ ಕುದಿಯಲ್ಲ. ಎರಡೂ ಸಮುದ್ರಮಟ್ಟಕ್ಕಿಂತ 650 ಮೀಟರಿಗೂ ಮೇಲಿವೆ, ಕುದಿಯೋದು 97.5ರ ಆಸುಪಾಸು. ಪುಸ್ತಕ ನೋಡಿ ಬರೀಬೇಡಿ, ಕುದಿಯುವ ನೀರಿಗೇ ಥರ್ಮಾಮೀಟರ್ ಇಳಿಸಿ ಓದಿ. ಇನ್ನೊಂದು, ಕ್ಯಾಲೋರಿಮೀಟರ್ ಹೀರಿದ ಶಾಖವನ್ನೂ ಬಿಟ್ಟಿದ್ದೀರಿ. ಬಿಟ್ಟರೆ ಮಾತ್ರ ನಿಮ್ಮ ಅಂಕಿಗಳಿಗೆ 0.34 ಬರುತ್ತೆ. ಸರಿಯಾಗಿ ಕೂಡಿ (ವಿಶಿಷ್ಟೋಷ್ಣ ನೀರಿಗೆ 4.18, ತಾಮ್ರಕ್ಕೆ 0.385): ನೀರಿಗೆ 100×4.18×8 = 3344 ಜೂಲ್, ತಾಮ್ರಕ್ಕೆ 60×0.385×8 = 185. ಒಟ್ಟು 3529. ಗುಂಡು ಇಳಿದದ್ದು 97.5ರಿಂದ 35ಕ್ಕೆ, ಅಂದರೆ 62.5 ಡಿಗ್ರಿ. 3529 ÷ (150×62.5) = 0.376.

ಮಂಡ್ಯದಿಂದ ಇನ್ನೊಬ್ಬರು: 0.376 ಬಂತು ಅಂತ ರೆಕಾರ್ಡ್ ಬರೆದು ಮುಗಿಸಬೇಡಿ. ಎರಡು ತಪ್ಪು ಒಂದನ್ನೊಂದು ತಿಂದುಹಾಕಿದರೂ ಸರಿ ಉತ್ತರವೇ ಬರುತ್ತೆ. ಗುಂಡನ್ನು ನಿಧಾನವಾಗಿ ಸಾಗಿಸಿದರೆ ದಾರಿಯಲ್ಲೇ ತಣ್ಣಗಾಗಿ ಉತ್ತರ ಕಮ್ಮಿ. ಗುಂಡಿಗೆ, ದಾರಕ್ಕೆ ಅಂಟಿದ ಬಿಸಿನೀರು ಜೊತೆಗೆ ಬಿದ್ದರೆ ಉತ್ತರ ಜಾಸ್ತಿ. ಬರೀ 2 ಗ್ರಾಂ ನೀರು 520 ಜೂಲ್‌ನಷ್ಟು ತರುತ್ತೆ, 0.38 ಇರಬೇಕಾದ್ದು 0.43 ದಾಟುತ್ತೆ. ಬಟ್ಟೆಯಲ್ಲಿ ಒರೆಸುತ್ತಾ ನಿಂತರೆ ಮತ್ತೆ ತಣ್ಣಗಾಗುತ್ತೆ. ಸುತ್ತಲೂ ಮಾತ್ರ ಹಬೆ ಹಾಯುವ ಹೀಟರ್ ಇದ್ದರೆ ಅದರಲ್ಲೇ ಕಾಯಿಸಿ, ಗುಂಡು ಒಣಗಿರುತ್ತೆ. ಗಾಳಿಯಲ್ಲಿ ಕಾಯೋದು ನಿಧಾನ, ಒಳಗಿನ ಥರ್ಮಾಮೀಟರ್ ಒಂದೇ ಕಡೆ ನಿಲ್ಲುವವರೆಗೂ ಕಾಯಿರಿ.

ಮೈಸೂರಿನಿಂದ ಮತ್ತೊಬ್ಬರು: 8 ಡಿಗ್ರಿ ಏರಿಕೆಯೇ ಕಡಿಮೆ. ಅರ್ಧ ಡಿಗ್ರಿ ತಪ್ಪು ಓದಿದರೆ ಶೇಕಡಾ 6 ಹೋಯಿತು. ನೀರು 60 ಗ್ರಾಂಗೆ ಇಳಿಸಿ, ಏರಿಕೆ 12 ಆಗುತ್ತೆ. ಆದರೆ ಗುಂಡು ಪೂರ್ತಿ ಮುಳುಗಲೇಬೇಕು. ಥರ್ಮಾಮೀಟರ್ ಬುಡ ಗುಂಡಿಗೆ ತಾಗಬಾರದು.

ಮೊದಲು ಉತ್ತರಿಸಿದ ಮೈಸೂರಿನವರು: ಹಾಗಾದರೆ ಕೋಣೆ 27 ಇದ್ದಾಗ ನೀರನ್ನು 21ರಿಂದ ಶುರುಮಾಡಿ. ಅರ್ಧ ಏರಿಕೆ ಕೋಣೆಗಿಂತ ಕೆಳಗೆ, ಅರ್ಧ ಮೇಲೆ. ಮೊದಲು ಹೊರಗಿಂದ ಬಂದದ್ದೂ ಆಮೇಲೆ ಹೊರಗೆ ಹೋದದ್ದೂ ಹೆಚ್ಚುಕಮ್ಮಿ ಸರಿಹೋಗುತ್ತೆ. ಮಡಕೆ ನೀರೇ ಸಾಕಾಗಬಹುದು. ಮಳೆಗಾಲದಲ್ಲಿ ಮಾತ್ರ ಹುಷಾರು: ಕ್ಯಾಲೋರಿಮೀಟರಿನ ಹೊರಮೈ ಬೆವರಿದರೆ ಆ ತೇವವೂ ಶಾಖ ಕೊಡುತ್ತೆ, ಆಗ 21ಕ್ಕಿಂತ ಒಂದೆರಡು ಡಿಗ್ರಿ ಮೇಲಿಂದಲೇ ಶುರುಮಾಡಿ.