ಯುದ್ಧದಲ್ಲಿ ವಿಮಾನದ ಕೆಲಸ ನಿಜವಾಗಿ ಎಷ್ಟು?

ಹುಬ್ಬಳ್ಳಿ_ಹುಡುಗ: ನಮ್ಮ ಕಾಕಾ ಸೈನ್ಯದಲ್ಲಿದ್ದು ರಿಟೈರ್ ಆದವರು. "ವಿಮಾನ ಬಾಂಬ್ ಹಾಕಿ ಹೋಗುತ್ತದೆ, ಜಾಗ ಹಿಡಿಯುವವನು ನಡೆದು ಹೋದವನೇ" ಅಂತಾರೆ. ಟಿವಿ ಹಚ್ಚಿದರೆ ಬರೀ ರಫೇಲ್, ತೇಜಸ್ ಮಾತು. ಯಾವುದು ನಿಜ? ನಮ್ಮ ಯುದ್ಧಗಳ ಉದಾಹರಣೆ ಕೊಟ್ಟು ಹೇಳಿ.

ಗದಗ_ಗೆಳೆಯ: ಎರಡೂ ನಿಜ. 1971ರ ಲೋಂಗೇವಾಲಾ ನೋಡಿ. ರಾಜಸ್ಥಾನದ ಮರಳಲ್ಲಿ ನಮ್ಮವರು ಸುಮಾರು 120 ಜನ, ಎದುರಿಗೆ ಪಾಕಿಸ್ತಾನದ ಟ್ಯಾಂಕುಗಳ ಸಾಲು. ಡಿಸೆಂಬರ್ 4ರ ರಾತ್ರಿ ಸಹಾಯ ಕೇಳಿದರು, ಆದರೆ ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ದಾಳಿ ಮಾಡುವ ಸೌಲಭ್ಯವೇ ಇರಲಿಲ್ಲ. ಬೆಳಗಾಗುವ ತನಕ ಠಾಣೆ ಉಳಿಸಿದ್ದು ಆ ಹುಡುಗರೇ. ಬೆಳಕು ಹರಿದದ್ದೇ ಹಂಟರ್ ಬಂದವು, ಟ್ಯಾಂಕುಗಳಿಗೆ ಬಯಲಲ್ಲಿ ಮರೆಯಾಗಲು ಜಾಗವಿಲ್ಲ, ಮೇಲೆ ಕಾಯಲು ಅವರ ವಿಮಾನವೂ ಇಲ್ಲ. ತಪ್ಪಿಸಿಕೊಳ್ಳಲು ಅವು ಗಿರಗಿರ ಸುತ್ತಿದ ಗುರುತು ಮೇಲಿಂದ ತೆಗೆದ ಫೋಟೋದಲ್ಲಿ ಮರಳಿನ ಮೇಲೆ ಎದ್ದು ಕಾಣುತ್ತದೆ. ಆ ಫೋಟೋ ಒಮ್ಮೆ ಹುಡುಕಿ ನೋಡಿ.

ಧಾರವಾಡ_ಮಾಸ್ತರ: ಕಾರ್ಗಿಲ್ ಬಿಟ್ಟಿರಲ್ಲ. 1999ರ ಮೇ 26ಕ್ಕೆ ವಾಯುಪಡೆ ಇಳಿಯಿತು, ಮೊದಲ ಮೂರು ದಿನದಲ್ಲೇ ಎರಡು ಮಿಗ್, ಒಂದು ಹೆಲಿಕಾಪ್ಟರ್ ಕಳೆದುಕೊಂಡೆವು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಬಾಂಬ್ ಗುರಿ ತಪ್ಪುತ್ತದೆ, ಮೇಲಾಗಿ ನಿಯಂತ್ರಣ ರೇಖೆ ದಾಟಬಾರದು ಅಂತ ಸರ್ಕಾರದ ಕಟ್ಟಪ್ಪಣೆ. ಆಮೇಲೆ ಮಿರಾಜ್ ಯುದ್ಧವಿಮಾನಗಳು ಬಂದವು. ಜೂನ್ 17ರಂದು ಮುಂಥೋ ಧಾಲೋದಲ್ಲಿದ್ದ ಶತ್ರುವಿನ ಸಾಮಾನಿನ ನೆಲೆಯನ್ನೇ ಹೊಡೆದರು. ನನ್ನ ಪ್ರಕಾರ ದೊಡ್ಡ ಪೆಟ್ಟು ಅದೇ, ಅನ್ನ ಮತ್ತು ಗುಂಡು ಮೇಲೆ ತಲುಪದಿದ್ದರೆ ಶಿಖರದಲ್ಲಿ ಕೂತವನು ಎಷ್ಟು ದಿನ ಇರುತ್ತಾನೆ? ಜೂನ್ 24ಕ್ಕೆ ಟೈಗರ್ ಹಿಲ್ ಶಿಖರದ ಮೇಲೆ ಲೇಸರ್ ಬಾಂಬ್ (ಲೇಸರ್ ಬೆಳಕು ತೋರಿಸಿದ ಗುರಿಗೇ ಹೋಗಿ ಬೀಳುವ ಬಾಂಬ್) ಬಿತ್ತು. ಆದರೂ ಜುಲೈ 4ಕ್ಕೆ ಅದನ್ನು ಹತ್ತಿ ಹಿಡಿದದ್ದು ಕಾಲಾಳುಗಳು, ಅದೂ ಎಷ್ಟೋ ಜೀವ ಕೊಟ್ಟು.

ಹುಬ್ಬಳ್ಳಿ_ಹುಡುಗ: ಮಾಸ್ತರ, 1962ರ ಚೀನಾ ಯುದ್ಧದಲ್ಲಿ?

ಧಾರವಾಡ_ಮಾಸ್ತರ: ಸಾಮಾನು, ಜನ ಸಾಗಿಸಲು ಮಾತ್ರ ಬಳಸಿದರು. ಫೈಟರ್‌ಗಳನ್ನು ದಾಳಿಗೆ ಕಳಿಸಲೇ ಇಲ್ಲ. ಅದು ಇವತ್ತಿಗೂ ನನಗೆ ಹೊಟ್ಟೆ ಉರಿಸುವ ವಿಷಯ.

ಕುಂದಗೋಳದವ: ಎಲ್ಲರೂ ಬಾಂಬ್ ಬಗ್ಗೆಯೇ ಮಾತಾಡ್ತಿದ್ದೀರಿ. ಸಿಯಾಚಿನ್‌ನ ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ರೇಷನ್ ಮುಟ್ಟಿಸುವುದು, ಪೆಟ್ಟಾದವರನ್ನು ಇಳಿಸುವುದು ಚೀತಾ ಹೆಲಿಕಾಪ್ಟರ್. ನಮ್ಮ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ, 2016ರಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, 19,600 ಅಡಿ ಎತ್ತರದಿಂದ ಅವರನ್ನು ಇಳಿಸಿ ದೆಹಲಿಗೆ ತಂದದ್ದು ವಿಮಾನದವರೇ. ಉಳಿಯಲಿಲ್ಲ, ಫೆಬ್ರವರಿ 11ಕ್ಕೆ ಹೋಗಿಬಿಟ್ಟರು. ಅಂಥ ಹಾರಾಟಗಳ ಸುದ್ದಿ ಟಿವಿಯಲ್ಲಿ ಬರೋದು ಕಡಿಮೆ, ಆದರೆ ಆ ಠಾಣೆಗಳು ನಿಂತಿರುವುದೇ ಅವುಗಳ ಮೇಲೆ.