40 ಅಡಿ ಟ್ರೈಲರ್ ರಿವರ್ಸ್ ಹಾಕುವಾಗ ಮಡಚಿಕೊಳ್ಳುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ?

ಉಪ್ಪಳದ ಹೊಸಬ:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷ ಲಾರಿಯಲ್ಲಿ ಕೆಂಪುಕಲ್ಲು ಸಾಗಿಸಿದ್ದೇನೆ. ಹೆವಿ ಲೈಸೆನ್ಸಿಗೆ ‘ಟಿ’ (ಟಿ ಆಕಾರದಲ್ಲಿ ರಿವರ್ಸ್ ಹಾಕುವ ಪರೀಕ್ಷೆ) ತೆಗೆದದ್ದೂ ಮೊದಲ ಸಲಕ್ಕೇ. ಈಗ ಎರಡು ತಿಂಗಳಿಂದ ಪಣಂಬೂರು ಬಂದರಿನ ಕಂಟೈನರ್ ತರುವ ಟ್ರೈಲರ್ ಓಡಿಸುತ್ತಿದ್ದೇನೆ. ತಲಪಾಡಿ ದಾಟಿ ಬರುವವರೆಗೆ ಏನೂ ತೊಂದರೆ ಇಲ್ಲ. ರಿವರ್ಸ್ ಮಾತ್ರ ಕೈಗೆ ಹತ್ತುತ್ತಿಲ್ಲ.

ಕುಂಬಳೆ ಹತ್ತಿರದ ಒಂದು ಗೋದಾಮು. ಗೇಟಿನ ಒಳಗೆ ಹೋದರೆ ಸರಕು ಇಳಿಸುವ ಕಟ್ಟೆ ಎಡಕ್ಕೆ ಸಿಗುತ್ತದೆ. ವಿಡಿಯೋದಲ್ಲಿ ನೋಡಿದ ಹಾಗೆಯೇ ಮುಂದೆ ಹೋಗಿ, ಟ್ರೈಲರಿನ ಬಾಲವನ್ನು ಎಡಕ್ಕೆ ಹಾಕುತ್ತೇನೆ. ಮೊದಲ ಹತ್ತು ಅಡಿ ಸರಿ ಹೋಗುತ್ತದೆ. ಆಮೇಲೆ ಎಡಗಡೆಯ ಕನ್ನಡಿಯಲ್ಲಿ ಬರೀ ಕಂಟೈನರಿನ ಗೋಡೆ. ಬಾಲ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಗಾಬರಿಯಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸುತ್ತೇನೆ, ಅಷ್ಟರಲ್ಲಿ ಕ್ಯಾಬಿನ್ನೂ ಟ್ರೈಲರೂ ಮಡಚುವ ಚಾಕುವಿನ ಹಾಗೆ ಮಡಚಿರುತ್ತವೆ. ಕಳೆದ ವಾರ ಕಂಬಕ್ಕೆ ತಾಗಿ ಹಿಂದಿನ ಲೈಟ್ ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಸಂಗಡಿಯ ಹಳೇ ಡ್ರೈವರ್:
ತಮ್ಮಾ, ಎರಡು ಪ್ರಶ್ನೆ. ವಿಡಿಯೋ ಯಾವ ದೇಶದ್ದು? ರಿವರ್ಸಿನಲ್ಲಿ ಆಕ್ಸಿಲರೇಟರ್ ಕೊಡುತ್ತೀಯಾ?

ಉಪ್ಪಳದ ಹೊಸಬ:
ಅಮೆರಿಕದ್ದು ಅಣ್ಣ. ಆಕ್ಸಿಲರೇಟರ್ ಸ್ವಲ್ಪ ಕೊಡುತ್ತೇನೆ. ಹಿಂದೆ ಬೇರೆ ಗಾಡಿ ಕಾಯುತ್ತಿರುತ್ತದಲ್ಲ.

ಹೊಸಂಗಡಿಯ ಹಳೇ ಡ್ರೈವರ್:
ಹಾಗಾದರೆ ಸಿಕ್ಕಿತು. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಬಾಲ ಎಡಕ್ಕೆ ಹೋದರೆ ಅವನು ಕಿಟಕಿಯಿಂದಲೇ ಕೊನೆಯ ಚಕ್ರ ನೋಡಬಹುದು. ನಾವು ಕೂರುವುದು ಬಲಕ್ಕೆ. ಎಡಕ್ಕೆ ಹಾಕಿದರೆ ನಮಗೆ ಅದು ಕುರುಡು ಬದಿ. ಅವನಿಗೆ ಸುಲಭವಾದ ಬದಿ ನಿನಗೆ ಅತಿ ಕಷ್ಟದ್ದು. ನೀನು ಕಲಿಯಲು ಹೊರಟದ್ದೇ ಕೊನೆಗೆ ಕಲಿಯಬೇಕಾದ ಪಾಠ.

ಆ ಗೋದಾಮಿನ ಅಂಗಳ ಗಾಡಿ ತಿರುಗುವಷ್ಟು ದೊಡ್ಡದಿದ್ದರೆ ಒಂದು ಸುತ್ತು ಹಾಕಿ ಬಾ. ಆಗ ಕಟ್ಟೆ ನಿನ್ನ ಬಲಕ್ಕೆ ಬರುತ್ತದೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಈಗ ಕೈಯ ವಿಷಯ. ಸ್ಟೇರಿಂಗಿನ ಕೆಳಭಾಗವನ್ನು ಒಂದೇ ಕೈಯಲ್ಲಿ ಹಿಡಿ. ಬಾಲ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸು. ಬಲಕ್ಕೆ ಬೇಕಾದರೆ ಕೈ ಬಲಕ್ಕೆ. ಲಾರಿಗಿಂತ ಉಲ್ಟಾ ಅಂತ ತಲೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡ, ಆ ಲೆಕ್ಕ ಮುಗಿಯುವಷ್ಟರಲ್ಲಿ ಕಂಬ ಬಂದಿರುತ್ತದೆ. ಬಾಲ ತಿರುಗಲು ಶುರುವಾದ ಮೇಲೆ ಸ್ಟೇರಿಂಗನ್ನು ಬಲಕ್ಕೆ ತಂದು (ಅಂದರೆ ಕೆಳಗೆ ಹಿಡಿದ ಕೈ ಈಗ ಎಡಕ್ಕೆ) ಟ್ರೈಲರಿನ ಹಿಂದೆಯೇ ಹೋಗು. ಹೆಚ್ಚಿನವರು ಇದನ್ನು ತಡ ಮಾಡುತ್ತಾರೆ, ಅದಕ್ಕೇ ಮಡಚುವುದು. ಉದ್ದದ ಟ್ರೈಲರ್ ನಿಧಾನಕ್ಕೆ ಮಾತು ಕೇಳುತ್ತದೆ. ಕೇಳಲಿಲ್ಲ ಅಂತ ಇನ್ನೂ ತಿರುಗಿಸಿದರೆ ಎರಡು ಸಲದ್ದೂ ಒಟ್ಟಿಗೆ ಸೇರಿಕೊಳ್ಳುತ್ತದೆ. ಸ್ವಲ್ಪ ತಿರುಗಿಸು, ಕಾಯಿ, ಕನ್ನಡಿ ನೋಡು.

ಇನ್ನೊಂದು. ನೀನು ಸ್ಟೇರಿಂಗ್ ಬಲಕ್ಕೆ ತಂದ ಕೂಡಲೇ ಕ್ಯಾಬಿನ್ನಿನ ಮೂತಿ ಎಡಕ್ಕೆ ಬೀಸುತ್ತದೆ. ಎಲ್ಲರ ಕಣ್ಣು ಹಿಂದೆಯೇ ಇರುತ್ತದೆ, ತಾಗುವುದು ಮುಂದಿನ ಎಡಮೂಲೆ.

ಆಕ್ಸಿಲರೇಟರಿನಿಂದ ಕಾಲು ತೆಗೆ. ಸಮತಟ್ಟು ಅಂಗಳದಲ್ಲಿ ರಿವರ್ಸ್ ಗೇರಿನಲ್ಲಿ ಗಾಡಿ ತಾನೇ ತೆವಳುತ್ತದೆ. ಮಡಚುತ್ತಿದೆ ಅನ್ನಿಸಿದರೆ ನಿಲ್ಲಿಸಿ ಮುಂದೆ ಹೋಗು. ಮುಂದೆ ಎಳೆದರೆ ಟ್ರೈಲರ್ ತಾನಾಗಿ ನೆಟ್ಟಗಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ರಿವರ್ಸಿನಲ್ಲಿ ಸರಿಮಾಡಲು ಸಾಧ್ಯವೇ ಇಲ್ಲ, ಕಂಟೈನರಿನ ಮೂಲೆ ಕ್ಯಾಬಿನ್ನಿಗೆ ಬಡಿಯುತ್ತದೆ, ಏರ್ ಪೈಪ್ ಕಿತ್ತುಬರುತ್ತದೆ. ಹತ್ತು ಸಲ ಮುಂದೆ ಹೋದರೂ ಪರವಾಗಿಲ್ಲ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಸೀತಾಂಗೋಳಿ ರೂಟ್:
ಅಣ್ಣ ಹೇಳಿದ್ದು ಎಲ್ಲಾ ಸರಿ. ಕ್ಲೀನರ್ ವಿಷಯವೂ ನೋಡಿಕೊಳ್ಳಿ. ನಮ್ಮ ಕಡೆ ಒಬ್ಬ ತುಳುವಿನಲ್ಲಿ ‘ಎಡತ್ತ್’ ಅಂತಾನೆ, ಗೋದಾಮಿನವರು ಮಲಯಾಳದಲ್ಲಿ ‘ಇಡತ್ತೋಟ್ಟ್’ ಅಂತಾರೆ, ಹಿಂದಿಯವನು ‘ಕಾಟ್ ಕೇ’ (ತಿರುಗಿಸಿ) ಅಂತಾನೆ. ಎಲ್ಲಕ್ಕಿಂತ ದೊಡ್ಡ ಗೊಂದಲ, ಎಡ ಅಂದರೆ ಸ್ಟೇರಿಂಗ್ ಎಡಕ್ಕೋ, ಬಾಲ ಎಡಕ್ಕೋ? ಅದಕ್ಕೇ ನಾನು ಬಾಯಿಮಾತೇ ನಿಲ್ಲಿಸಿದ್ದೇನೆ. ಬಾಲ ಎತ್ತ ಬರಬೇಕೋ ಅತ್ತ ಕ್ಲೀನರ್ ಕೈ ತೋರಿಸಬೇಕು, ಅವನು ಎರಡೂ ಕೈ ಮೇಲೆತ್ತಿದರೆ ನಾನು ನಿಲ್ಲಿಸಬೇಕು, ಅಷ್ಟೇ. ಅವನು ಕನ್ನಡಿಯಲ್ಲಿ ಕಾಣಿಸದಿದ್ದರೆ ಆ ಕ್ಷಣವೇ ಬ್ರೇಕ್. ಒಬ್ಬ ಮನುಷ್ಯ ಟ್ರೈಲರಿನ ಹಿಂದೆ ಇದ್ದಾನೆ ಅನ್ನುವುದನ್ನು ಯಾವತ್ತೂ ಮರೆಯಬೇಡಿ.

ಮೊದಲು ಇಳಿದು ಒಂದು ಸಲ ನಡೆದು ನೋಡಿ. ಹೈ ಕ್ಯೂಬ್ ಕಂಟೈನರ್ ಒಂದೇ ಒಂಬತ್ತೂವರೆ ಅಡಿ ಎತ್ತರ, ಅದರ ಕೆಳಗೆ ಟ್ರೈಲರ್ ಬೇರೆ. ಕರೆಂಟ್ ತಂತಿ, ತೆಂಗಿನ ಗರಿ ಎಲ್ಲಾ ನೋಡಬೇಕು. ಮಳೆಗಾಲದಲ್ಲಿ ಹೊಸದಾಗಿ ಮಣ್ಣು ತುಂಬಿಸಿದ ಅಂಚನ್ನು ನಂಬಲೇಬೇಡಿ.

ಉಪ್ಪಳದ ಹೊಸಬ:
ಮೂರು ವಾರ ಆಯಿತು. ಎರಡು ಭಾನುವಾರ ಓನರ ಒಪ್ಪಿಗೆ ಕೇಳಿ ಖಾಲಿ ಟ್ರೈಲರನ್ನು ಪದವಿಗೆ (ಗುಡ್ಡದ ಮೇಲಿನ ಬಯಲಿಗೆ) ತೆಗೆದುಕೊಂಡು ಹೋದೆ. ಹಳೇ ಟಯರ್ ಇಟ್ಟು ಗೇಟ್ ಮಾಡಿದೆ. ಬಲಕ್ಕೆ ಹಾಕಿದರೆ ಬಾಲ ಕಣ್ಣೆದುರಿಗೇ ಇರುತ್ತದೆ, ಗಾಬರಿಯೇ ಆಗುವುದಿಲ್ಲ! ಗೋದಾಮಿನಲ್ಲೂ ಸುತ್ತು ಹಾಕಿಯೇ ಹೋಗುತ್ತಿದ್ದೇನೆ. ಮಡಚುವುದು ನಿಂತಿತು. ಆದರೆ ಕಟ್ಟೆಗೆ ತಾಗುವಾಗ ಸೊಟ್ಟ ನಿಲ್ಲುತ್ತದೆ, ಒಂದು ಮೂಲೆ ಒಂದು ಗೇಣು ದೂರ.

ಹೊಸಂಗಡಿಯ ಹಳೇ ಡ್ರೈವರ್:
ತುಂಬಾ ಸಂತೋಷ ಆಯಿತು ತಮ್ಮಾ. ಸೊಟ್ಟ ನಿಲ್ಲುವುದು ಕೊನೆಗೆ ನೆಟ್ಟಗೆ ಮಾಡಲು ಹೋಗುವುದರಿಂದ. ಕಟ್ಟೆ ಇನ್ನೂ ಒಂದು ಗಾಡಿ ಉದ್ದ ದೂರ ಇರುವಾಗಲೇ ನೆಟ್ಟಗಾಗಬೇಕು. ಅಲ್ಲಿ ಆಗಲಿಲ್ಲವೋ, ಮುಂದೆ ಎಳೆದು ಸರಿಮಾಡಿಕೋ. ನೇರ ಹಿಂದೆ ಬರುವಾಗ ಎರಡೂ ಕನ್ನಡಿ ನೋಡು. ಟ್ರೈಲರ್ ಯಾವ ಕನ್ನಡಿಯಲ್ಲಿ ಜಾಸ್ತಿ ಕಾಣಲು ಶುರುವಾಗುತ್ತದೋ ಸ್ಟೇರಿಂಗ್ ಆ ಕಡೆಗೆ, ಚೂರೇ ಚೂರು. ಸಮ ಆದ ಕೂಡಲೇ ವಾಪಸ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಬೇಡ, ಟಯರ್ ಸವೆಯುತ್ತದೆ.

ಉಪ್ಪಳದ ಹೊಸಬ:
ಇದು ನಿನ್ನೆ ಮಾಡಿ ನೋಡಿದೆ ಅಣ್ಣ. ಐದು ಸಲ ಮುಂದೆ ಎಳೆದೆ, ಆರನೆಯದಕ್ಕೆ ಎರಡೂ ಮೂಲೆ ಸಮ ನಿಂತಿತು. ಕುರುಡು ಬದಿಯದ್ದು ಯಾವಾಗ ಶುರುಮಾಡಲಿ?

ಹೊಸಂಗಡಿಯ ಹಳೇ ಡ್ರೈವರ್:
ಬಲಬದಿ ಎರಡು ಎಳೆತದಲ್ಲಿ ಕೂರುವವರೆಗೆ ಬೇಡ. ಆಮೇಲೆ ಪದವಿನಲ್ಲೇ, ಖಾಲಿ ಗಾಡಿಯಲ್ಲಿ. ಒಂದು ದಿನ ನಾನೂ ಬರುತ್ತೇನೆ.